ಒಂದು ಹಿಡಿ ಚಹಾ ಎಲೆ

ನಮ್ಮನೆಯಲ್ಲಿ ಚಹಾ ಅಂದರೆ ಅಸ್ಸಾಮಿನ ಸಿಟಿಸಿ ಪುಡಿ, ಜಜ್ಜಿದ ಶುಂಠಿ, ಗಟ್ಟಿ ಹಾಲು. ಯಂತ್ರದಲ್ಲಿ ಎಲೆಯನ್ನು ಜಜ್ಜಿ, ಹರಿದು, ಸುರುಳಿಸಿ ಮಾಡಿದ ಆ ಸಣ್ಣ ಕಾಳು ಹಾಲಿಗೆಂದೇ ಹುಟ್ಟಿದಂತಿದೆ. ಎರಡು ಕುದಿ ಬಂದರೆ ಸಾಕು, ಬಣ್ಣ ಬಿಡುತ್ತದೆ.

ಕಳೆದ ವಾರ ಗೆಳತಿಯೊಬ್ಬಳು ಡಾರ್ಜಿಲಿಂಗಿನ ಮೊದಲ ಕೊಯ್ಲಿನ ಎಲೆ ಒಂದು ಹಿಡಿ ಕೊಟ್ಟಳು. ಚಳಿ ಕಳೆದ ಮೇಲೆ, ಮಾರ್ಚ್-ಏಪ್ರಿಲ್‌ನಲ್ಲಿ ಕೀಳುವ ಎಳೆ ಚಿಗುರು ಅದು. "ಹಾಲು ಹಾಕ್ಬೇಡ ಕಣೇ, ಕುದಿಸಲೂಬೇಡ. ಬಿಸಿನೀರು ಸುರಿದು 3 ನಿಮಿಷ ಮುಚ್ಚಿಡು, ಅಷ್ಟೇ" ಅಂದಳು. ಗಾಜಿನ ಲೋಟದಲ್ಲಿ ತಿಳಿ ಹೊಂಬಣ್ಣ. ತಳದಲ್ಲಿ ಅರಳಿಕೊಂಡ ಎಲೆಗಳಲ್ಲಿ ಹಸಿರು ಇನ್ನೂ ಉಳಿದಿತ್ತು. ಮೂಗಿಗೆ ಹೂವಿನ ಘಮ, ನಾಲಿಗೆಗೆ ಸಣ್ಣ ಒಗರು. ಚಹಾ ಹೀಗೂ ಇರುತ್ತದೆ ಅಂತ ಇಷ್ಟು ವರ್ಷ ಗೊತ್ತೇ ಇರಲಿಲ್ಲ!

ನಾನು ಅವಳಿಗೆ ಕೊಟ್ಟಿದ್ದು ಕೆಳಗೂರಿನ ಚಹಾ. ಕಾಫಿಗೆ ಹೆಸರಾದ ಚಿಕ್ಕಮಗಳೂರು ಜಿಲ್ಲೆಯಲ್ಲೇ ಚಹಾ ತೋಟವೂ ಇದೆ ಅನ್ನೋದು ನಮ್ಮವರಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕೊಟ್ಟಿಗೆಹಾರ, ಕಳಸದ ಕಡೆ ಹೋದರೆ ಒಂದು ಪೊಟ್ಟಣ ತನ್ನಿ. ಅರ್ಧ ನೀವಿಟ್ಟುಕೊಳ್ಳಿ, ಇನ್ನರ್ಧ ಚಹಾ ಇಷ್ಟಪಡುವ ಇನ್ನೊಬ್ಬರಿಗೆ ಕೊಡಿ.

ನಿಮ್ಮನೆಯ ಚಹಾ ಯಾವುದು? ಹೇಳಿ, ಮುಂದಿನ ಸಲ ಅದನ್ನೇ ತರುತ್ತೇನೆ.