ಸತ್ತ ಪ್ಲಗ್ಗು

ಕಳೆದ ಬೇಸಗೆಯ ರಜೆಯಲ್ಲಿ ಅಮೆರಿಕದಲ್ಲಿರುವ ಅಣ್ಣನೊಡನೆ ಗ್ರ್ಯಾಂಡ್ ಕ್ಯಾನಿಯನ್ ನೋಡಹೊರಟೆವು. ಅಲ್ಲಿನವರು ಆರ್.ವಿ. ಎನ್ನುವ ಮನೆಬಂಡಿಯಲ್ಲಿ ಒಲೆ, ಹಾಸಿಗೆ, ಬಚ್ಚಲು ಎಲ್ಲವೂ ಉಂಟು. ರಾತ್ರಿ ಅಮ್ಮನಿಗೆ ಉಬ್ಬಸ ಎದ್ದಿತು. ನೆಬ್ಯುಲೈಜರ್ ಸಿಕ್ಕಿಸಿದರೆ ಪ್ಲಗ್ಗಿನಲ್ಲಿ ಜೀವವೇ ಇಲ್ಲ! ದೀಪಗಳೇನೋ ಉರಿಯುತ್ತಿದ್ದುವು, ಅವು 12 ವೋಲ್ಟ್ ಬ್ಯಾಟರಿಯ ಅನ್ನ ಉಣ್ಣುವಂಥವು. ಪ್ಲಗ್ಗುಗಳಿಗೆ ಹೊರಗಿನ ಕಂಬದ 120 ವೋಲ್ಟೇ ಬೇಕು. ಅಣ್ಣ ಬ್ರೇಕರುಗಳನ್ನೆಲ್ಲ ಆರಿಸಿ ಹಾಕಿದ, ಫಲವಿಲ್ಲ. ಆದರೆ ಮೈಕ್ರೋವೇವ್ ಗಂಟೆ ತೋರಿಸುತ್ತಿತ್ತು. ಅಂದಮೇಲೆ ಕರೆಂಟು ಬಂಡಿಯೊಳಕ್ಕೆ ಬಂದಿದೆಯಲ್ಲ! ಚರಿತ್ರೆಯ ವಿದ್ಯಾರ್ಥಿಯಾದ ನನ್ನ ಕಣ್ಣಿಗೆ ಕಡೆಗೆ ಬಿದ್ದದ್ದು ಬಚ್ಚಲ ಪ್ಲಗ್ಗಿನ ಪುಟ್ಟ ಗುಂಡಿ. ಸುಮಾರು 5 ಮಿಲಿಆಂಪಿಯರ್ ಸೋರಿದರೂ ಅದು ತಾನು ಆರಿ, ತನ್ನ ಮುಂದಿನ ಪ್ಲಗ್ಗುಗಳನ್ನೂ ಆರಿಸುತ್ತದೆ. ಒತ್ತಿದೆ, ಟಕ್ಕೆಂದಿತು. ಯಂತ್ರ ಗುರುಗುಟ್ಟಿತು.

ಅರ್ಧ ಗಂಟೆಯ ಮೇಲೆ ಅಮ್ಮ ಮೆಲ್ಲಗೆ, "ಒದ್ದೆ ಟವಲನ್ನು ಅದರ ಮೇಲೆ ನೇತುಹಾಕಿದವಳು ನಾನೇ ಕಣೋ" ಎಂದಳು.