ಒಂದು ಕಪಾಟಿನ ಯೋಜನೆ

ಗದಗಿನ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸ ಒರಗಿ ಕುಳಿತನೆಂಬ ಕಂಬವನ್ನು ನೀವು ನೋಡಿರಬಹುದು. ಕೋನೇರಿಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲಿಯೇ ಬಂದು ಕೂಡುತ್ತಿದ್ದನಂತೆ. ಬಟ್ಟೆ ಆರುವವರೆಗೆ ಕಾವ್ಯ ಹರಿಯುತ್ತಿತ್ತಂತೆ. ತರಗತಿಯಲ್ಲಿ ಈ ಐತಿಹ್ಯವನ್ನು ಪ್ರತಿವರ್ಷವೂ ಹೇಳುವ ನಾನು, ಬೆಟಗೇರಿಯ ನಮ್ಮ ಹೊಸ ಮನೆಯ ಮಲಗುವ ಕೋಣೆಯಲ್ಲಿ ಬಟ್ಟೆಯ ಕಪಾಟಿಗಾಗಿ ನಾಲ್ಕು ಸಂಜೆ ನಕ್ಷೆ ಬರೆಯುತ್ತ ಕುಳಿತದ್ದನ್ನು ಕೇಳಿ ಓದುಗರು ನಗಬಾರದು. ಒಂದೇ ಬಟ್ಟೆಯವನಿಗೆ ಕಪಾಟು ಬೇಡ, ಸಂಸಾರಿಗೆ ಬೇಕು. ಅದರಲ್ಲಿಯೂ ನಮ್ಮ ಊರಿನ ಆಷಾಢದ ಗಾಳಿಗೆ, ಎರೆಮಣ್ಣಿನ ಧೂಳಿಗೆ, ಗೂಟಕ್ಕೆ ತೂಗುಹಾಕಿದ ಬಿಳಿಯ ಅಂಗಿ ಸಂಜೆಗೆ ಬಿಳಿಯದಾಗಿ ಉಳಿಯುವುದಿಲ್ಲ.

ಮೊದಲು ಮನೆಯ ಬಟ್ಟೆಯನ್ನೆಲ್ಲ ಮಂಚದ ಮೇಲೆ ಸುರಿದು ಎಣಿಸಿದೆವು. ನನ್ನ ಅಂಗಿಗಳು ಹನ್ನೊಂದು, ತೊಡುವವು ನಾಲ್ಕು. ನನ್ನಾಕೆಯ ಲೆಕ್ಕದಲ್ಲಿ ಅವಳ ಸೀರೆಗಳು ಮೂವತ್ತು, ನನ್ನ ಲೆಕ್ಕದಲ್ಲಿ ಮೂವತ್ತೇಳು. ಉಳಿದ ಏಳು ತವರಿನವಂತೆ. ಅವು ಎಣಿಕೆಗೆ ಬರುವುದಿಲ್ಲವಂತೆ. ಈ ವಿಷಯದಲ್ಲಿ ವಾದ ಬೆಳೆಸದಿರುವ ವಿವೇಕ ನನಗಿದೆ.

ಅಳತೆಯ ಕೆಲಸ ಮಾತ್ರ ಸ್ವಾರಸ್ಯದ್ದು. ಹ್ಯಾಂಗರಿನಲ್ಲಿ ಅಂಗಿ ಅಡ್ಡವಾಗಿ ನಿಲ್ಲಬೇಕಾದರೆ ಕಪಾಟಿನ ಆಳ 24 ಅಂಗುಲ ಬೇಕು. ಎತ್ತರ 40 ಅಂಗುಲವಿದ್ದರೆ ಸಾಕು. ಮಡಿಸಿಡುವ ಬಟ್ಟೆಗೆ ಹಲಗೆ ಹಲಗೆಯ ನಡುವೆ ಒಂದಡಿಯೇ ಸರಿ. ಹೆಚ್ಚಾದರೆ ಬಟ್ಟೆ ಗೋಪುರವಾಗಿ, ಅಡಿಯದನ್ನು ಎಳೆದಾಗ ಕುಸಿಯುತ್ತದೆ. ಜರಿಯ ಭಾರದ ಸೀರೆಯನ್ನು ಹ್ಯಾಂಗರಿಗೆ ಹಾಕಬಾರದು. ಹತ್ತಿಬಟ್ಟೆಯಲ್ಲಿ ಸುತ್ತಿ ಮಲಗಿಸಬೇಕು. ಕೆಲವು ತಿಂಗಳಿಗೊಮ್ಮೆ ಮಡಿಕೆ ಬದಲಿಸಬೇಕು, ಇಲ್ಲವಾದರೆ ಮಡಿಕೆಯ ಗೆರೆಯಲ್ಲಿಯೇ ಸೀಳು ಬಿಡುತ್ತದೆ. ನುಸಿಗುಳಿಗೆ ಜರಿಗೆ ತಾಗಬಾರದು. ಇಷ್ಟನ್ನೂ ವಿಚಾರಿಸಿ, ಏಳು ಜೊತೆ ಪಾದರಕ್ಷೆಗೂ ಸ್ಥಳ ಗೊತ್ತುಮಾಡಿ, ಶಿರಹಟ್ಟಿಯ ಬಡಿಗನ ಕೈಗೆ ನಕ್ಷೆ ಕೊಟ್ಟೆ.

ಆತ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದ.

"ಎಲ್ಲಾ ಬರೋಬರಿ ಐತ್ರೀ ಸರ. ಅವ್ವಾರ ಅರಿವಿ ಎಲ್ಲಿ ಇಡೂದ್ರಿ?"

ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡ ಮೇಲೆ ಅವ್ವ ಲಕ್ಷ್ಮೇಶ್ವರದ ಮನೆಗೆ ಬೀಗ ಹಾಕಿ ನಮ್ಮಲ್ಲಿಗೆ ಬಂದವಳು. ಎರಡು ಕೋಣೆಯ ಮನೆಗೆ ಇದೊಂದೇ ಕಪಾಟು. ಪಾದರಕ್ಷೆಯನ್ನು ಎಣಿಸಿದವನು ಅವಳನ್ನು ಎಣಿಸಿರಲಿಲ್ಲ. ನನ್ನಾಕೆ ನೆಲ ನೋಡಿದಳು. ನಾನು ನಕ್ಷೆ ನೋಡಿದೆ.

"ನಂದೇನೈತಿ ಬಿಡಪ್ಪಾ, ಒಂದು ಗಳ ಕಟ್ಟಿಕೊಡು" ಎಂದಳು ಅವ್ವ. ಪಂಪನು ತನ್ನ ಕಾವ್ಯದ ನುಡಿಯೆಂದು ಹೇಳಿಕೊಂಡದ್ದು ಪುಲಿಗೆರೆಯ ತಿರುಳ್ಗನ್ನಡವನ್ನು. ಆ ಪುಲಿಗೆರೆಯೇ ಲಕ್ಷ್ಮೇಶ್ವರ. ಅಲ್ಲಿಯವರಿಗೆ ಹೆಚ್ಚು ಮಾತು ಬೇಕಾಗುವುದಿಲ್ಲ.

ಪಡಸಾಲೆಯ ಮಂಚದ ಕೆಳಗಿನಿಂದ ಅವಳ ಟ್ರಂಕನ್ನು ಅಂದೇ ಮೊದಲು ತೆಗೆಸಿದೆ. ಒಣಗಿದ ಬೇವಿನೆಲೆಯ ನಡುವೆ ನಾಲ್ಕು ಸೀರೆ, ಎರಡು ಗುಳೇದಗುಡ್ಡದ ಖಣ. ಉಡದೆ ಇಟ್ಟ ಒಂದು ಇಳಕಲ್ಲು ಸೀರೆ. ಮೈಯ ಎಳೆಗೆ ಸೆರಗಿನ ಎಳೆಯನ್ನು ಕುಣಿಕೆ ಹಾಕಿ ಕೂಡಿಸಿದ ಆ ಟೋಪು ತೆನೆಯ ಕೂಡುಗೆರೆ ಇನ್ನೂ ಗಟ್ಟಿಯಾಗಿತ್ತು. ಎಲ್ಲಕ್ಕೂ ಅಡಿಯಲ್ಲಿ ಅಪ್ಪನ ಮದುವೆಯ ಕರಿಯ ಕೋಟು. ಬಡಿಗನೂ ಒಂದು ಕ್ಷಣ ಸುಮ್ಮನೆ ನಿಂತ.

ನಕ್ಷೆಯನ್ನು ತಿದ್ದಿದೆವು. ಅವ್ವನ ಮೊಣಕಾಲು ಬಗ್ಗುವುದಿಲ್ಲ, ತೋಳು ಮೇಲೇಳುವುದಿಲ್ಲ. ನೆಲದಿಂದ ಮೂರಡಿ ಮೇಲೆ ಅವಳ ಹಲಗೆ ಬಂತು. ನನ್ನ ಪುಸ್ತಕದ ಕಟ್ಟುಗಳು ತಲೆಯ ಮೇಲಕ್ಕೆ ಏರಿದವು.

ಕಪಾಟು ಬಂದು ತಿಂಗಳಾಯಿತು. ಒಂದು ಮುಂಜಾನೆ ಬಾಗಿಲು ತೆರೆದಾಗ ಅಪ್ಪನ ಕೋಟು ನನ್ನ ಅಂಗಿಗಳ ಪಕ್ಕಕ್ಕೆ ಹ್ಯಾಂಗರಿನಲ್ಲಿತ್ತು. ಯಾವಾಗ ಹಾಕಿದಳೋ ಕಾಣೆ. ಸೀರೆಗಳು ಮಾತ್ರ ಇನ್ನೂ ಟ್ರಂಕಿನಲ್ಲಿಯೇ ಇವೆ. ಬರಿದಾದ ಹಲಗೆಯ ಮೇಲೆ ನನ್ನಾಕೆಯ ಕಣ್ಣಿದೆ, ತವರಿನ ಏಳು ಸೀರೆಗೆ. ನಾನು ಇನ್ನೂ ಬಿಟ್ಟುಕೊಟ್ಟಿಲ್ಲ.