ಬಾಗಿಲಿನ ನೆವದಲ್ಲಿ ನಾಲ್ಕು ಊರು

ಕಳೆದ ಮಾಘಮಾಸದ ಒಂದು ಸಂಜೆ ನನ್ನ ಅಣ್ಣನ ಮಗನು ಊರಿನಿಂದ ದೂರವಾಣಿ ಮಾಡಿ, “ಕಾಕಾ, ಹಳೇ ತಲಬಾಗಲಾ ಮಾರಿಬಿಡ್ಲೇನ್ರೀ?” ಎಂದು ಕೇಳಿದನು. ಬೈಲಹೊಂಗಲ ತಾಲೂಕಿನ ನಮ್ಮ ಹಳ್ಳಿಯ ಮಾಳಿಗೆ ಮನೆಯ ಒಂದು ಮಗ್ಗುಲು ಮಳೆಗೆ ಕುಸಿದ ಮೇಲೆ ಅವನು ಅದೇ ಜಾಗದಲ್ಲಿ ತಾರಸಿಯ ಮನೆ ಕಟ್ಟಿಸುತ್ತಿದ್ದಾನೆ. ನಮ್ಮ ಅಜ್ಜನವರು ನಿಲ್ಲಿಸಿದ ಸಾಗವಾನಿಯ ಜೋಡುಕದದ ಬಾಗಿಲು ದನದ ಕೊಟ್ಟಿಗೆಯಲ್ಲಿ ಗೋಡೆಗೆ ಒರಗಿತ್ತು. ಹಳ್ಳಿಹಳ್ಳಿ ತಿರುಗಿ ಹಳೆಯ ಬಾಗಿಲುಗಳನ್ನು ಕೊಂಡು ದೊಡ್ಡ ಪಟ್ಟಣಗಳಿಗೆ ಸಾಗಿಸುವವನೊಬ್ಬನು ಅದಕ್ಕೆ ಬೆಲೆ ಕಟ್ಟಿದ್ದನಂತೆ. ಆ ಹಣದಲ್ಲಿ ಹೊಸಮನೆಯ ಒಳಕೋಣೆಗಳಿಗೆಲ್ಲ ಸಿದ್ಧ ಬಾಗಿಲುಗಳು ಬರುತ್ತವೆ ಎಂಬುದು ಹುಡುಗನ ಲೆಕ್ಕ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೂ ನಾನು ಬರುವವರೆಗೆ ತಡೆ ಎಂದೆನು.

ಬಾಗಿಲಿನ ವಿಷಯದಲ್ಲಿ ನನಗೆ ಎರಡು ಪಾಠಗಳಾಗಿವೆ. ಮಠದ ಪ್ರಸಾದ ನಿಲಯದಲ್ಲಿ ಓದುತ್ತಿದ್ದಾಗ ಪ್ರತಿವರ್ಷ ಮಳೆಗಾಲಕ್ಕೆ ಮುನ್ನ ಬಾಗಿಲುಗಳಿಗೆ ಅಗಸೆ ಎಣ್ಣೆ ತಿಕ್ಕುವ ಕೆಲಸ ನಮ್ಮ ಪಾಲಿಗೆ ಬರುತ್ತಿತ್ತು. ನಾವು ಎದುರಿಗೆ ಕಾಣುವ ಮೈಗೆಲ್ಲ ಹೊಳಪು ಬರುವಂತೆ ತಿಕ್ಕಿ ಕೈ ತೊಳೆಯುವ ಹೊತ್ತಿಗೆ ಹಿರಿಯ ಗುರುಗಳು ಬಂದು, ಕದದ ತಳದಂಚಿಗೆ ಬೆರಳು ಹಾಯಿಸಿ, ಒಣಗಿದ ಬೆರಳನ್ನು ನಮಗೆ ತೋರಿಸುತ್ತಿದ್ದರು. ನೀರು ಏರುವುದು ಅಲ್ಲಿಂದಲೇ ಎಂಬುದು ಅವರ ಮಾತು. ಎರಡನೆಯ ಪಾಠ ಧಾರವಾಡದಲ್ಲಿ ಮನೆ ಕಟ್ಟಿಸಿದಾಗ ದೊರೆಯಿತು. ಅಂಗಡಿಯವನ ಮಾತು ನಂಬಿ ಬಚ್ಚಲಿಗೆ ಹಾಕಿಸಿದ ನುಣುಪಾದ ಬಾಗಿಲು ಮೂರು ಮಳೆಗಾಲ ಕಳೆಯುವುದರೊಳಗೆ ಹಳೆಯ ಪುಸ್ತಕದ ಹಾಳೆಗಳಂತೆ ಬಿಚ್ಚಿಕೊಂಡಿತು. ಅದರ ತಳದಂಚನ್ನು ನಾನು ನೋಡಿರಲಿಲ್ಲ. ಗುರುಗಳ ಬೆರಳು ಅಂದು ನೆನಪಾಯಿತು.

ಹೀಗಾಗಿ ಕಾಕಾ ಮಗ ಇಬ್ಬರೂ ಎರಡು ದಿನ ಬಾಗಿಲು ನೋಡುತ್ತ ತಿರುಗುವುದೆಂದು ನಿಶ್ಚಯಿಸಿದೆವು. ಮೊದಲು ಬೈಲಹೊಂಗಲ. ಕಿತ್ತೂರ ಚೆನ್ನಮ್ಮ ರಾಣಿಯು ಸೆರೆಯಲ್ಲಿದ್ದು 1829ರ ಫೆಬ್ರುವರಿಯಲ್ಲಿ ಲಿಂಗೈಕ್ಯಳಾದ ಊರು ಇದು. ಅವಳ ಸಮಾಧಿಗೆ ನಮಸ್ಕರಿಸಿ ಪೇಟೆಗೆ ಹೋದೆವು. ಇಲ್ಲಿಯದು ಎರೆಭೂಮಿ. ಹತ್ತಿ ಕೊಡುವ ಈ ಮಣ್ಣು ಮನೆ ಕಟ್ಟುವವನಿಗೆ ಸುಲಭವಾದುದಲ್ಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕಾಲು ಸಿಕ್ಕುವಷ್ಟು ಬಿರಿಯುತ್ತದೆ. ಆಷಾಢದಲ್ಲಿ ಬಾಗಿಲು ಹಾಕಲು ಬಾರದಾದರೆ ಜನ ಕಟ್ಟಿಗೆ ಉಬ್ಬಿತೆನ್ನುತ್ತಾರೆ. ಅದು ಅರ್ಧ ನಿಜ. ಎಷ್ಟೋ ಸಲ ಬುನಾದಿಯೇ ಅಲುಗಿ ಚೌಕಟ್ಟು ಸೊಟ್ಟಗಾಗಿರುತ್ತದೆ. ಇದನ್ನು ತಿಳಿಯಲು ದಾರವೊಂದಿದ್ದರೆ ಸಾಕು: ಚೌಕಟ್ಟಿನ ಒಂದು ಮೂಲೆಯಿಂದ ಎದುರು ಮೂಲೆಗೆ ಅಳೆದು, ಮತ್ತೆ ಇನ್ನೆರಡು ಮೂಲೆಗಳ ನಡುವೆ ಅಳೆಯಬೇಕು. ಎರಡೂ ಸಮನಾಗಿದ್ದರೆ ಕಟ್ಟಿಗೆಯ ದೋಷ. ಅಂತರ ಬಂದರೆ ನೆಲದ ದೋಷ. ಎರಡನೆಯದಾದರೆ ಕದವನ್ನು ಕೆತ್ತಿ ಫಲವಿಲ್ಲ, ಬೇಸಿಗೆಯಲ್ಲಿ ಅಲ್ಲಿ ಹಲ್ಲಿ ನುಗ್ಗುವಷ್ಟು ಸಂದು ಬೀಳುತ್ತದೆ. ಎರೆಮಣ್ಣನ್ನು ತೋಡಿ ಗಟ್ಟಿನೆಲ ಮುಟ್ಟುವವರೆಗೆ ಬುನಾದಿ ಇಳಿಸದವನು ಎಷ್ಟು ಬೆಲೆಯ ಬಾಗಿಲು ತಂದರೂ ಅಷ್ಟೇ. ನಮ್ಮ ಹುಡುಗನು ಇಳಿಸಿದ್ದನು ಎಂಬುದು ನನಗೆ ಸಮಾಧಾನ ತಂದಿತು.

ಕಿತ್ತೂರಿಗೆ ಹೋಗುತ್ತಿದ್ದಂತೆ ಗಾಳಿಯೇ ಬೇರೆ. ಮಲೆನಾಡಿನ ಸೆರಗು ಅಲ್ಲಿಂದ ಆರಂಭ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಈ ಕೋಟೆಯ ಮುಂದೆ ನಿಂತು, ಗಡುವಿನೊಳಗೆ ಬಾಗಿಲು ತೆರೆಯದಿದ್ದರೆ ತೋಪಿನಿಂದ ಒಡೆಯುವುದಾಗಿ ಹೇಳಿ ಕಳುಹಿದನು. ಬಾಗಿಲೇನೋ ತೆರೆಯಿತು, ಒಳಗಿನಿಂದ ಕಿತ್ತೂರಿನ ಸೈನ್ಯವೇ ಹೊರನುಗ್ಗಿತು, ಥ್ಯಾಕರೆ ಅಂದೇ ಮಡಿದನು. ಅದೇ ವರ್ಷದ ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ಇಂದು ಪಾಳುಬಿದ್ದ ಅರಮನೆಯಲ್ಲಿ ಬಾಗಿಲಿದ್ದ ಸ್ಥಳಗಳು ಬರಿದಾಗಿ ನಿಂತಿವೆ. ಕೋಟೆಯೊಳಗಿನ ವಸ್ತುಸಂಗ್ರಹಾಲಯದಲ್ಲಿ ಅರಮನೆಯ ಕೆತ್ತನೆಯ ಬಾಗಿಲು, ಕಿಟಕಿಗಳನ್ನು ಇಟ್ಟಿದ್ದಾರೆ. ಗೋಡೆ ಕರಗಿತು, ಕಟ್ಟಿಗೆ ಉಳಿಯಿತು. ಹುಡುಗನು ಅವುಗಳ ಮುಂದೆ ಬಹಳ ಹೊತ್ತು ನಿಂತಿದ್ದನು. ನಾನು ಏನನ್ನೂ ಹೇಳಲಿಲ್ಲ.

ಸಮೀಪದ ದೇಗಾಂವಿಗೂ ಹೋಗಿದ್ದೆವು. ಗೋವೆಯ ಕದಂಬರ ಕಾಲದಲ್ಲಿ, ಬಸವಣ್ಣನವರು ಬಾಳಿದ ಹನ್ನೆರಡನೆಯ ಶತಮಾನದಲ್ಲಿಯೇ, ರಾಣಿ ಕಮಲಾದೇವಿ ಕಟ್ಟಿಸಿದ ಕಮಲನಾರಾಯಣ ದೇವಾಲಯ ಅಲ್ಲಿದೆ. ಅದರ ಬಾಗಿಲುವಾಡ ಕಲ್ಲಿನದು. ಎಂಟುನೂರು ವರ್ಷಗಳಿಗೂ ಮಿಕ್ಕಿ ಅದು ಮಳೆಯ ತೇವ ತಿಂದಿದೆ. ಬಚ್ಚಲಿನ ಚೌಕಟ್ಟನ್ನು ಕಲ್ಲಿನಲ್ಲಿ ಮಾಡಿಸುವ ನಮ್ಮ ಹಿರಿಯರ ಪದ್ಧತಿ ಜಿಪುಣತನದಿಂದ ಬಂದುದಲ್ಲವೆಂದು ಹುಡುಗನಿಗೆ ಅಲ್ಲಿಯೇ ಮನವರಿಕೆಯಾಯಿತು.

ಮರುದಿನ ಸವದತ್ತಿಯ ದಾರಿ ಹಿಡಿದೆವು. ಹದಿನೆಂಟನೆಯ ಶತಮಾನದಲ್ಲಿ ದೇಸಾಯರು ಕಟ್ಟಿಸಿದ ಕೋಟೆಯನ್ನು ಹೊರಗಿನಿಂದಲೇ ನೋಡಿ, ಗುಡ್ಡದ ಕಡೆಗೆ ಕೈ ಮುಗಿದು ಸಿರಸಂಗಿಗೆ ನಡೆದೆವು. ಸಿರಸಂಗಿ ಎಂದರೆ ನಮ್ಮ ಸಮಾಜದವರಿಗೆ ತ್ಯಾಗವೀರ ಲಿಂಗರಾಜ ದೇಸಾಯರ (1861–1906) ಊರು. ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯೆಗೆ ಬರೆದಿಟ್ಟ ಮಹನೀಯರ ವಾಡೆ ಅಲ್ಲಿದೆ. ಬಡಿಗರಿಗೆ, ಕಮ್ಮಾರರಿಗೆ ಅದು ಕಾಳಿಕಾದೇವಿಯ ಕ್ಷೇತ್ರ. ಕಟ್ಟಿಗೆಯ ಮಾತು ಕೇಳಬೇಕಾದರೆ ಅದಕ್ಕಿಂತ ಯೋಗ್ಯವಾದ ಸ್ಥಳ ಯಾವುದು? ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದ ವೃದ್ಧ ಬಡಿಗರೊಬ್ಬರು ನಮ್ಮ ಚಿಂತೆ ಕೇಳಿ ನಕ್ಕರು.

“ಸಾಗವಾನಿ ಅಂತ ಹೆಸರ ಕೇಳಿ ರೊಕ್ಕಾ ಕೊಡಬ್ಯಾಡ್ರೀ, ಕೆಚ್ಚು ನೋಡಿ ಕೊಡ್ರಿ” ಎಂದರು.

ಅವರು ಹೇಳಿದ್ದರ ಸಾರ ಹೀಗಿದೆ. ಸಾಗವಾನಿಗೆ ಗೆದ್ದಲು ಹತ್ತದಿರುವುದು ಅದರ ಕೆಚ್ಚಿನಲ್ಲಿರುವ ಎಣ್ಣೆಯ ಗುಣದಿಂದ. ಸುತ್ತಲಿನ ಬಿಳಿಯ ಭಾಗಕ್ಕೆ ಆ ಗುಣವಿಲ್ಲ. ಅದಕ್ಕೆ ಬಣ್ಣ ಬಳಿದು ಮಾರುವವರೂ ಉಂಟು. ಎಳೆಯ ಮರದಲ್ಲಿ ಕೆಚ್ಚು ಕಡಿಮೆ, ಬಿಳಿಯೇ ಹೆಚ್ಚು. ಎರಡನೆಯದಾಗಿ, ಕಟ್ಟಿಗೆ ಚೆನ್ನಾಗಿ ಒಣಗಿರಬೇಕು. ಮಳೆಗಾಲದಲ್ಲಿ ಅಳ್ನಾವರದ ಕಡೆಯಿಂದ ಹಸಿಹಸಿಯಾಗಿ ತಂದು ಬಾಗಿಲು ಮಾಡಿ ರಾಮದುರ್ಗದ ಬಿಸಿಲಿಗೆ ನಿಲ್ಲಿಸಿದರೆ ಚೈತ್ರದಲ್ಲಿ ಹಲಗೆಗಳ ನಡುವೆ ಬೆಳಕು ಕಾಣುತ್ತದೆ. ಅದಕ್ಕೇ ಹಳಬರು ನಡುವಣ ಹಲಗೆಯನ್ನು ಮೊಳೆ ಹೊಡೆದು ಬಿಗಿಯದೆ ಗಾಡಿಯಲ್ಲಿ ಸಡಿಲವಾಗಿ ಕೂಡಿಸುತ್ತಿದ್ದರು; ಹಿಗ್ಗಲು ಕುಗ್ಗಲು ಅದಕ್ಕೆ ಎಡೆ ಬೇಕು. ಬೇವು ಅಗ್ಗವಾದರೂ ಹುಳು ಹತ್ತುವುದು ಕಡಿಮೆ, ಒಳಬಾಗಿಲಿಗೆ ಸಾಕು. ಏಳು ಅಡಿಯ ಕದಕ್ಕೆ ಎರಡು ಬಿಜಾಗರಿ ಸಾಲವು, ಮೂರು ಬೇಕು. ಗಟ್ಟಿ ಸಾಗವಾನಿಯಾದರೆ ನಾಲ್ಕು.

ಹುಡುಗನು ಫ್ಲಶ್ ಡೋರುಗಳ ವಿಚಾರ ಎತ್ತಿದನು. ವೃದ್ಧರು ಅವುಗಳನ್ನು ಹಳಿಯಲಿಲ್ಲ. ಇದು ನನಗೆ ಆಶ್ಚರ್ಯ. ಒಳಕೋಣೆಗೆ ಅವು ಯೋಗ್ಯವೇ, ಆದರೆ ಬಣ್ಣ ಹಚ್ಚುವ ಮುನ್ನ ಅಂಚು ನೋಡಬೇಕು, ಬೆರಳಿನಿಂದ ಬಡಿದು ಪೊಳ್ಳುದನಿ ಕೇಳಬೇಕು ಎಂದರು. ಇದಕ್ಕೆ ನಾನು ತಿಳಿದುಕೊಂಡದ್ದನ್ನು ಸೇರಿಸುತ್ತೇನೆ: ಒಳಗೆ ಕಟ್ಟಿಗೆ ತುಂಬಿದ ಇಂತಹ ಬಾಗಿಲುಗಳಿಗೆ ಐ.ಎಸ್. 2202 ಎಂಬ ಭಾರತೀಯ ಮಾನಕವಿದೆ. ಐ.ಎಸ್.ಐ. ಗುರುತಿನ ಜೊತೆಗೆ ಆ ಅಂಕೆಯನ್ನೂ ಓದಿ ಕೊಳ್ಳಬೇಕು. ಕುದಿನೀರಿಗೂ ಬಿಡದ ಅಂಟಿನದೇ ಎಂದು ಕೇಳಿ ಬಿಲ್ಲಿನಲ್ಲಿ ಬರೆಯಿಸಿಕೊಳ್ಳಬೇಕು. ನಾನು ಅಂದು ಬರೆಯಿಸಿಕೊಂಡಿರಲಿಲ್ಲ.

ರಾಮದುರ್ಗ ಮುಟ್ಟಿದಾಗ ಮಧ್ಯಾಹ್ನ. ಭಾವೆಯವರ ಸಂಸ್ಥಾನವಾಗಿದ್ದ ಊರು. 1939ರಲ್ಲಿ ಪ್ರಜೆಗಳು ತಮ್ಮ ಮುಂದಾಳುಗಳ ಬಿಡುಗಡೆಗಾಗಿ ಸೆರೆಮನೆಗೆ ನುಗ್ಗಿದ ಕಥೆಯನ್ನು ಹಿರಿಯರು ಹೇಳುತ್ತಿದ್ದರು. ನಮಗೆ ಬೇಕಾಗಿದ್ದುದು ಹೊಳೆಯ ದಂಡೆಯ ಹಳ್ಳಿಯೊಂದರಲ್ಲಿರುವ ನನ್ನ ತಂಗಿಯ ಮಗಳ ಮನೆ. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಅಣೆಕಟ್ಟು ತುಂಬಿ ಮಲಪ್ರಭೆ ಹೊರಳಿದಾಗ ಅವರ ಮನೆಯಲ್ಲಿ ಎದೆಮಟ್ಟದ ನೀರು ದಿನಗಟ್ಟಲೆ ನಿಂತಿತ್ತು. ಅವಳು ನಮ್ಮನ್ನು ಕೋಣೆಯಿಂದ ಕೋಣೆಗೆ ಕರೆದೊಯ್ದು ತೋರಿಸಿದಳು. ಒಳಕೋಣೆಯ ಅಗ್ಗದ ಬಾಗಿಲುಗಳು ನೀರಿಳಿಯುವಾಗಲೇ ಮುದ್ದೆಯಾಗಿ ಹೋಗಿದ್ದವು. ತಗಡಿನ ಹಿತ್ತಲಬಾಗಿಲು ಒಂದು ವರ್ಷ ಸುಮ್ಮನಿದ್ದು, ಆಮೇಲೆ ತಳದ ಮಡಿಕೆಯಿಂದ ತುಕ್ಕು ಹಿಡಿದು ತೂತಾಯಿತು. ಬಚ್ಚಲಿನ ಪಿ.ವಿ.ಸಿ. ಬಾಗಿಲಿಗೆ ನೀರಿನಿಂದ ಏನೂ ಆಗಲಿಲ್ಲ. ಅದರ ಗಟ್ಟಿತನ ಕಂಡು ಪಡುವಣ ಹಿತ್ತಲಿಗೆ ಅದನ್ನೇ ಬದಲಿಸಿ ಹಾಕಿದರು, ಒಂದೇ ಬೇಸಿಗೆಯ ಬಿಸಿಲಿಗೆ ಬಾಗಿ ನಿಂತಿತು! ಹಳೆಯ ಸಾಗವಾನಿ ತಲಬಾಗಿಲನ್ನು ಮಾತ್ರ ಕಳಚಿ, ಕೆಸರು ತೊಳೆದು, ಬಿಸಿಲಿಗೆ ಹಿಡಿಯದೆ ನೆರಳಿನಲ್ಲಿ ಹದಿನೈದು ದಿನ ಆರಿಸಿ ಮರಳಿ ತೂಗುಹಾಕಿದ್ದರು. ನೀರಿನ ಗೆರೆ ಅದರ ಮೇಲೆ ಇನ್ನೂ ಇದೆ.

ಪೂರ್ಣ ಬಿದ್ದ ಮನೆಗಳಿಗೆ ಸರಕಾರ ಅಂದು 5 ಲಕ್ಷ ರೂಪಾಯಿಗಳನ್ನು ಘೋಷಿಸಿತ್ತು. ಆ ಹಣದಲ್ಲಿ ಗೋಡೆ, ತಾರಸಿ ಮುಗಿಯುವ ಹೊತ್ತಿಗೆ ಬಾಗಿಲಿಗೆ ಕಾಸು ಉಳಿಯದೆ ಗೋಣಿತಟ್ಟು ಕಟ್ಟಿಕೊಂಡಿದ್ದ ಮನೆಗಳನ್ನೂ ಅವಳು ಕಂಡಿದ್ದಾಳೆ. “ಮಾಮಾ, ಬಾಗಲಾ ಇಲ್ಲದ ಮನ್ಯಾಗ ಹೆಣ್ಣಮಕ್ಕಳಿಗೆ ರಾತ್ರಿ ನಿದ್ದಿ ಹತ್ತೂದಿಲ್ರಿ” ಎಂದಳು. ಮಾರುವ ಮಾತನ್ನು ಹುಡುಗನು ಆಮೇಲೆ ಎತ್ತಲಿಲ್ಲ.

ಆದರೆ ಊರಿಗೆ ಮರಳಿದಾಗ ಬೇರೆ ತೊಡಕು ಎದುರಾಯಿತು. ಅಜ್ಜನವರ ಬಾಗಿಲು ಐದೂಕಾಲು ಅಡಿ ಎತ್ತರ. ಎಂಜಿನಿಯರು ಬಿಟ್ಟ ತೆರಪು ಏಳು ಅಡಿ. ಹುಡುಗನೋ ಆರು ಅಡಿಗೆ ಎರಡು ಅಂಗುಲ ಕಡಿಮೆ. ಕದಕ್ಕೆ ತುಂಡು ಜೋಡಿಸುವುದು ನನಗೆ ಒಪ್ಪಿಗೆಯಿಲ್ಲ, ತೆರಪನ್ನು ಇಳಿಸುವುದು ಅವನಿಗೆ ಒಪ್ಪಿಗೆಯಿಲ್ಲ. ಇಬ್ಬರೂ ಅರ್ಧ ದಿನ ಮುಖ ಗಂಟು ಹಾಕಿಕೊಂಡು ಕುಳಿತೆವು. ಚಹಾ ತಂದ ಸೊಸೆ, “ಮಾವಾರ, ದೇವರ ಕೋಣಿಗೆ ಹಚ್ಚಿದ್ರ ಆತಲ್ರೀ, ಅಲ್ಲೆ ಒಳಗ ಹೋಗೂ ಮುಂದ ಹೆಂಗೂ ಬಗ್ಗೂದ ಐತಿ” ಎಂದಳು. ನಾಲ್ಕು ಊರು ತಿರುಗಿದ ಪಂಡಿತನಿಗೆ ಇದು ಹೊಳೆದಿರಲಿಲ್ಲ.

ಹಾಗೆಯೇ ಆಯಿತು. ಮುಂಬಾಗಿಲಿಗೆ ಕೆಚ್ಚಿನ ಸಾಗವಾನಿ, ಅದರ ಮೇಲೆ ಮೂರಡಿ ಚಾಚಿದ ಛಜ್ಜಾ. ಮಲಗುವ ಕೋಣೆಗಳಿಗೆ ಮಾನಕದ ಫ್ಲಶ್ ಡೋರು. ಬಚ್ಚಲಿಗೆ ಕಲ್ಲಿನ ಚೌಕಟ್ಟು, ಪಿ.ವಿ.ಸಿ. ಕದ. ಖರ್ಚು ಹುಡುಗನ ಮೊದಲ ಲೆಕ್ಕವನ್ನು ಮೀರಿತು. ಕಂಪೌಂಡು ಗೋಡೆ ಮುಂದಿನ ವರ್ಷಕ್ಕೆ ಹೋಯಿತು. ಅಜ್ಜನವರ ಬಾಗಿಲಿನ ಚೌಕಟ್ಟಿನ ಕಾಲುಗಳು ನೆಲದಲ್ಲಿ ಹೂತಿದ್ದಲ್ಲಿ ಎರಡೆರಡು ಅಂಗುಲ ಗೆದ್ದಲಿಗೆ ಹೋಗಿದ್ದವು. ಬಡಿಗನು ಅಷ್ಟನ್ನು ಕೊಯ್ದು ಕಾಲುಗಳನ್ನು ಕಲ್ಲಿನ ಮೇಲೆ ನಿಲ್ಲಿಸಿದನು. ಮೇಲಿನ ಮಸಿ, ಬಣ್ಣದ ಪದರು ಎದ್ದಾಗ ಒಳಗಿನಿಂದ ಜೇನಿನ ಬಣ್ಣ ಹೊರಬಂದಿತು, ಕೋಣೆಯೆಲ್ಲ ಸಾಗವಾನಿಯ ವಾಸನೆ ತುಂಬಿತು. ತೂಗುಹಾಕುವ ಮುನ್ನ ಎರಡೂ ಕದಗಳನ್ನು ತಲೆಕೆಳಗಾಗಿ ನಿಲ್ಲಿಸಲು ಹೇಳಿ, ನೆಲದ ಮೇಲೆ ಕುಳಿತು, ಅವುಗಳ ತಳದಂಚಿಗೆ ನಾನೇ ಅಗಸೆ ಎಣ್ಣೆ ತಿಕ್ಕಿದೆನು.